ಸೋತ ಆಲ್ಬಮ್ಮಿನ ಅಭಿಮಾನಿಗಳು

2018ರ ಡಿಸೆಂಬರಿನಲ್ಲಿ ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಹಾಸ್ಯ ಕಾರ್ಯಕ್ರಮದಲ್ಲಿ ಒಂದು ಪ್ರಹಸನ ಬಂತು. ಕ್ರಿಸ್‌ಮಸ್ ಹೊತ್ತಿನ ಊಟದ ಮೇಜು, ಸುತ್ತ ಕೂತ ಗೆಳೆಯರು, ಕೇಳಿಬರುತ್ತಿರುವ ವೀಜರ್ ಬ್ಯಾಂಡಿನ ಒಂದು ಹಾಡು. ನಟ ಮ್ಯಾಟ್ ಡೇಮನ್ ಮಾಡಿದ ಪಾತ್ರಕ್ಕೆ ಆ ಬ್ಯಾಂಡ್ ಈಗ ಮಾಡುತ್ತಿರುವುದೆಲ್ಲ ಅಚ್ಚುಮೆಚ್ಚು. ಲೆಸ್ಲಿ ಜೋನ್ಸ್ ಮಾಡಿದ ಪಾತ್ರದ ಪ್ರಕಾರ 1996ರ ‘ಪಿಂಕರ್ಟನ್’ ಆಲ್ಬಂ ಆದಮೇಲೆ ಅವರು ಕೇಳುವಂಥದ್ದೇನನ್ನೂ ಮಾಡಿಲ್ಲ. ಮಾತಿಗೆ ಮಾತು ಬೆಳೆಯುತ್ತದೆ, ದನಿ ಏರುತ್ತದೆ. ಒಂದು ರಾಕ್ ಬ್ಯಾಂಡಿನ ಯಾವ ಆಲ್ಬಂ ಒಳ್ಳೆಯದು ಎನ್ನುವುದಕ್ಕೆ ಇಷ್ಟು ದೊಡ್ಡವರು ಹೀಗೆ ಜಗಳವಾಡುತ್ತಾರಾ ಎಂದು ಮೇಜಿನ ಉಳಿದವರು ಪಿಳಿಪಿಳಿ ನೋಡುತ್ತಾರೆ.

ಆಡುತ್ತಾರೆ. ಆ ಪ್ರಹಸನ ನೋಡಿ ನಕ್ಕವರಲ್ಲಿ ಹೆಚ್ಚಿನವರು ಅಂಥ ಒಂದು ಜಗಳದಲ್ಲಿ ಯಾವುದೋ ಒಂದು ಪಕ್ಷ ಹಿಡಿದವರೇ ಇರಬೇಕು. ಸಿನಿಮಾ ಹಾಡು ಕೇಳುವವರಲ್ಲೂ ಶಾಸ್ತ್ರೀಯ ಸಂಗೀತ ಕೇಳುವವರಲ್ಲೂ ಇಂಥ ಪಂಗಡಗಳು ಇದ್ದೇ ಇವೆ. ಆದರೆ ಆಲ್ಟರ್ನೇಟಿವ್ ರಾಕ್ ಎಂದು ಕರೆಸಿಕೊಳ್ಳುವ ಸಂಗೀತದಲ್ಲಿ ಕೇಳುಗರ ಅಭಿಪ್ರಾಯಕ್ಕೆ ಬೇರೆಡೆ ಇಲ್ಲದ ಒಂದು ತೂಕವಿದೆ. ಅದು ಸಂಗೀತದ ಹೊರಗೆ ನಿಂತು ಹೇಳುವ ತೀರ್ಪಲ್ಲ, ಸಂಗೀತದ ಒಳಗೇ ಕೈ ಹಾಕುತ್ತದೆ. ಇದಕ್ಕೆ ಪಿಂಕರ್ಟನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೇಳುಗರೇ ಅದನ್ನು ಕೊಂದರು, ಕೇಳುಗರೇ ಎಬ್ಬಿಸಿದರು. ಈ ಎರಡರ ನಡುವೆ ಅದನ್ನು ಬರೆದವನು ಹಾಗೆ ಬರೆಯುವುದನ್ನೇ ಬಿಟ್ಟುಬಿಟ್ಟಿದ್ದ.

ಮೊದಲು ಹಿನ್ನೆಲೆ. 1980ರ ದಶಕದ ಅಮೆರಿಕದಲ್ಲಿ ವಾಣಿಜ್ಯ ರೇಡಿಯೊಗಳು ದೊಡ್ಡ ಕಂಪನಿಗಳ ದೊಡ್ಡ ಹೆಸರುಗಳನ್ನು ಮಾತ್ರ ಹಾಕುತ್ತಿದ್ದವು. ಉಳಿದವರಿಗೆ ದಿಕ್ಕಾಗಿದ್ದದ್ದು ವಿದ್ಯಾರ್ಥಿಗಳೇ ನಡೆಸುತ್ತಿದ್ದ ಕಾಲೇಜು ರೇಡಿಯೊ, ಊರಿಗೊಂದರಂತೆ ಇದ್ದ ರೆಕಾರ್ಡ್ ಅಂಗಡಿ, ಜೆರಾಕ್ಸ್ ಮಾಡಿ ಹಂಚುತ್ತಿದ್ದ ಅಭಿಮಾನಿ ಪತ್ರಿಕೆಗಳು, ಒಬ್ಬರಿಂದೊಬ್ಬರಿಗೆ ಕಾಪಿ ಆಗುತ್ತ ಹೋಗುವ ಕ್ಯಾಸೆಟ್ಟುಗಳು. ಈ ಜಾಲದಲ್ಲಿ ‘ಇದನ್ನು ಕೇಳು’ ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದು ಬರೀ ಹರಟೆಯಾಗಿರಲಿಲ್ಲ. ಜಾಹೀರಾತು, ಸಾಗಣೆ, ಮಾರಾಟ ಎಲ್ಲವೂ ಅದೇ ಆಗಿತ್ತು. ಅಭಿಪ್ರಾಯ ನಿಂತರೆ ಬ್ಯಾಂಡೂ ನಿಲ್ಲುತ್ತಿತ್ತು.

ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನ ಆರ್.ಇ.ಎಂ. ಹುಟ್ಟಿದ್ದು ಹೀಗೆ. ಗಿಟಾರ್ ವಾದಕ ಪೀಟರ್ ಬಕ್ ರೆಕಾರ್ಡ್ ಅಂಗಡಿಯ ನೌಕರ. ಗಾಯಕ ಮೈಕೆಲ್ ಸ್ಟೈಪ್ ಅಲ್ಲಿಗೆ ಬರುತ್ತಿದ್ದ ಗಿರಾಕಿ. 1980ರಲ್ಲಿ ಶುರುವಾದ ಬ್ಯಾಂಡಿನ ಮೊದಲ ಪೂರ್ಣ ಆಲ್ಬಂ ‘ಮರ್ಮರ್’ 1983ರಲ್ಲಿ ಬಂತು. ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಜಗತ್ತನ್ನೇ ಕುಣಿಸುತ್ತಿದ್ದ ವರ್ಷ ಅದು. ಆದರೂ ‘ರೋಲಿಂಗ್ ಸ್ಟೋನ್’ ಪತ್ರಿಕೆ ವರ್ಷದ ಆಲ್ಬಂ ಎಂದು ಆರಿಸಿದ್ದು ಮರ್ಮರನ್ನು. ಸ್ಟೈಪ್ ಏನು ಹಾಡುತ್ತಿದ್ದಾನೆಂದೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಪದಗಳನ್ನು ಬಾಯೊಳಗೇ ಇಟ್ಟುಕೊಂಡು ಹಾಡುವವನು. ಅಭಿಮಾನಿಗಳು ಕೂತು ಆ ಸಾಲು ಇದಿರಬೇಕು, ಅಲ್ಲ ಅದಿರಬೇಕು ಎಂದು ವಾದ ಮಾಡಿದರು. ಆ ವಾದವೇ ಅವರನ್ನು ಬ್ಯಾಂಡಿಗೆ ಕಟ್ಟಿಹಾಕಿತು. 1988ರಲ್ಲಿ ಆರ್.ಇ.ಎಂ. ವಾರ್ನರ್ ಬ್ರದರ್ಸ್ ಕಂಪನಿ ಸೇರಿದಾಗ ಅಭಿಮಾನಿಗಳು ಒಡೆದರು: ಅದಕ್ಕೆ ಮೊದಲಿನವರು, ಆಮೇಲಿನವರು. ಇಂದಿಗೂ ಆ ಬ್ಯಾಂಡಿನ ಅತ್ಯುತ್ತಮ ಆಲ್ಬಂ ಯಾವುದೆಂದು ಕೇಳಿದರೆ ಬರುವ ಉತ್ತರದಿಂದ ಆ ವ್ಯಕ್ತಿಯ ವಯಸ್ಸನ್ನು ಹೆಚ್ಚೂಕಡಿಮೆ ಅಂದಾಜು ಮಾಡಬಹುದು.

1991ರ ಸೆಪ್ಟೆಂಬರಿನಲ್ಲಿ ನಿರ್ವಾಣಾ ಬ್ಯಾಂಡಿನ ‘ನೆವರ್‌ಮೈಂಡ್’ ಬಂತು. ಮರು ಜನವರಿಗೆ ಅದು ಜಾಕ್ಸನ್‌ನ ‘ಡೇಂಜರಸ್’ ಅನ್ನು ಕೆಳಗಿಳಿಸಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಇಡೀ ಚಿಕ್ಕ ಜಾಲಕ್ಕೆ ಒಂದೇ ಸಲ ಲಕ್ಷಾಂತರ ಜನ ನುಗ್ಗಿದರು. ಹಳಬರು ಮೂಗು ಮುರಿದರು. ಸ್ವತಃ ಬ್ಯಾಂಡಿನ ಗಾಯಕ ಕರ್ಟ್ ಕೊಬೇನ್‌ಗೇ ಆ ನಯವಾದ ಧ್ವನಿಮುದ್ರಣದ ಬಗ್ಗೆ ಮುಜುಗರವಿತ್ತು; ಮುಂದಿನ ‘ಇನ್ ಯೂಟೆರೊ’ಗೆ ಆತ ಧ್ವನಿಮುದ್ರಣ ತಂತ್ರಜ್ಞ ಸ್ಟೀವ್ ಅಲ್ಬಿನಿಯ ಬಳಿ ಹೋಗಿ ಒರಟಾದದ್ದನ್ನೇ ಮಾಡಿಸಿಕೊಂಡ. ಹೊಸ ಜನ ಇದನ್ನು ಇಷ್ಟಪಡುವುದಿಲ್ಲ ಎಂದು ಗೊತ್ತಿದ್ದೂ ಮಾಡಿದ್ದು, ಅಥವಾ ಇಷ್ಟಪಡದಿರಲಿ ಎಂದೇ ಮಾಡಿದ್ದು. ಕೊಬೇನ್ ತೀರಿಕೊಂಡದ್ದು 1994ರ ಏಪ್ರಿಲ್ 5ರಂದು. ಮೇ 10ಕ್ಕೆ, ನಿರ್ವಾಣಾದ ಕಂಪನಿಯಿಂದಲೇ, ವೀಜರ್‌ನ ಮೊದಲ ಆಲ್ಬಂ ಹೊರಬಿತ್ತು.

ನೀಲಿ ಹಿನ್ನೆಲೆಯ ಮುಂದೆ ನಾಲ್ವರು ಹುಡುಗರು ಶಾಲೆಯ ಫೋಟೊಗೆ ನಿಂತಂತೆ ನಿಂತಿದ್ದಾರೆ. ಅದಕ್ಕೇ ಎಲ್ಲರೂ ಅದನ್ನು ‘ಬ್ಲೂ ಆಲ್ಬಂ’ ಎನ್ನುತ್ತಾರೆ. ಹಾಡು ಬರೆಯುವವನು, ಹಾಡುವವನು ರಿವರ್ಸ್ ಕ್ವೋಮೊ. ಹದಿಹರೆಯದಲ್ಲಿ ಹೆವಿ ಮೆಟಲ್ ಹುಚ್ಚು ಹಿಡಿಸಿಕೊಂಡು ಲಾಸ್ ಏಂಜಲೀಸ್‌ಗೆ ಬಂದವನು. ಬೇಸ್ ಮ್ಯಾಟ್ ಶಾರ್ಪ್, ಡ್ರಮ್ಸ್ ಪ್ಯಾಟ್ರಿಕ್ ವಿಲ್ಸನ್, ಇನ್ನೊಂದು ಗಿಟಾರ್ ಬ್ರಯಾನ್ ಬೆಲ್. ದಪ್ಪ ಗಿಟಾರ್ ಸದ್ದಿನ ಮೇಲೆ ಬೀಚ್ ಬಾಯ್ಸ್ ಥರದ ಸಿಹಿ ರಾಗ. ನಿರ್ಮಾಪಕ ‘ದಿ ಕಾರ್ಸ್’ ಬ್ಯಾಂಡಿನ ರಿಕ್ ಒಕಾಸೆಕ್. ‘ಬಡ್ಡಿ ಹಾಲಿ’ ಹಾಡಿಗೆ ಸ್ಪೈಕ್ ಜೋನ್ಜ್ ಮಾಡಿದ ವಿಡಿಯೊವನ್ನು ಮೈಕ್ರೋಸಾಫ್ಟ್ ತನ್ನ ವಿಂಡೋಸ್ 95 ಸಿಡಿಯಲ್ಲೇ ಹಾಕಿ ಹಂಚಿತು. ನಮ್ಮಲ್ಲೂ ಆ ಕಾಲದಲ್ಲಿ ಕಂಪ್ಯೂಟರ್ ಕಲಿತವರು, ಸಿಡಿಯೊಳಗಿನ ಫೋಲ್ಡರುಗಳನ್ನು ಸುಮ್ಮನೆ ಕೆದಕುತ್ತಿದ್ದವರು, ಬ್ಯಾಂಡಿನ ಹೆಸರೂ ಗೊತ್ತಿಲ್ಲದೆ ಆ ಹಾಡನ್ನು ನೋಡಿರುತ್ತಾರೆ. ಅಮೆರಿಕದಲ್ಲಿ ಆಲ್ಬಂ ಹತ್ತಾರು ಲಕ್ಷ ಪ್ರತಿ ಮಾರಾಟವಾಯಿತು.

ಕ್ವೋಮೊಗೆ ಹುಟ್ಟಿನಿಂದಲೇ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಕೈಗೆ ದುಡ್ಡು ಬಂದಮೇಲೆ 1995ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಮೂಳೆ ಕತ್ತರಿಸಿ, ಕಾಲಿನ ಸುತ್ತ ಉಕ್ಕಿನ ಚೌಕಟ್ಟು ಕೂರಿಸಿ, ಸ್ಕ್ರೂಗಳನ್ನು ದಿನದಿನವೂ ಬಿಗಿಮಾಡುತ್ತ ಮೂಳೆ ಬೆಳೆಸುವ ವಿಧಾನ, ತಿಂಗಳುಗಟ್ಟಲೆ ನೋವು. ಅದೇ ಸ್ಥಿತಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದ. ಗಡ್ಡ ಬಿಟ್ಟು, ಊರುಗೋಲು ಹಿಡಿದು ಓಡಾಡುತ್ತಿದ್ದ ಆ ಹುಡುಗನನ್ನು ಸಹಪಾಠಿಗಳು ಗುರುತು ಹಿಡಿಯಲಿಲ್ಲ. ಟಿವಿಯಲ್ಲಿ ದಿನಾ ಕಾಣುವವನು ಊಟದ ಹಾಲಿನಲ್ಲಿ ಒಬ್ಬನೇ ಕೂತು ತಿನ್ನುತ್ತಿದ್ದ. ಎರಡನೇ ಆಲ್ಬಮ್ಮಿಗಾಗಿ ‘ಸಾಂಗ್ಸ್ ಫ್ರಮ್ ದಿ ಬ್ಲ್ಯಾಕ್ ಹೋಲ್’ ಎಂಬ ಅಂತರಿಕ್ಷದ ರಾಕ್ ಒಪೆರಾ ಬರೆಯುತ್ತಿದ್ದದ್ದನ್ನು ಅರ್ಧಕ್ಕೇ ಬಿಟ್ಟ. ಬದಲಿಗೆ ತನ್ನ ಒಂಟಿತನ, ಕಾಮ, ಕೀಳರಿಮೆ, ಜಂಬ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆಯತೊಡಗಿದ.

ಅದೇ ಪಿಂಕರ್ಟನ್. 1996ರ ಸೆಪ್ಟೆಂಬರ್ 24ರಂದು ಬಿಡುಗಡೆ. ಹತ್ತು ಹಾಡು, 35 ನಿಮಿಷಕ್ಕೂ ಕಡಿಮೆ. ಈ ಸಲ ಹೊರಗಿನ ನಿರ್ಮಾಪಕನಿಲ್ಲ. ಬ್ಯಾಂಡಿನ ಮೂವರು ಬೇರೆಬೇರೆಯಾಗಿ ಹಾಡಿ ಜೋಡಿಸುವ ಬದಲು ಮೈಕುಗಳ ಸುತ್ತ ಒಟ್ಟಿಗೇ ನಿಂತು ಹಾಡಿದರು. ದನಿಗಳು ಒಂದರ ಮೇಲೊಂದು ಬೀಳುತ್ತವೆ, ಗಿಟಾರ್ ಕಿರುಚುತ್ತದೆ, ಡ್ರಮ್ಸ್ ಕೋಣೆಯ ಗೋಡೆಗಳಿಗೆ ಹೊಡೆದು ವಾಪಸು ಬರುತ್ತದೆ. ಮೊದಲ ಹಾಡಿನಲ್ಲೇ ಗಾಯಕ ತನ್ನ ರಾಕ್‌ಸ್ಟಾರ್ ಬದುಕಿನ ಲೈಂಗಿಕತೆ ಸಾಕಾಗಿದೆಯೆಂದು ಅಳುತ್ತಾನೆ. ಇನ್ನೊಂದರಲ್ಲಿ ತಾನು ಮನಸೋತ ಹುಡುಗಿಗೆ ಗಂಡಸರಲ್ಲಿ ಆಸಕ್ತಿಯೇ ಇಲ್ಲವೆಂದು ಕಂಡುಕೊಳ್ಳುತ್ತಾನೆ. ಮಧ್ಯದ ‘ಅಕ್ರಾಸ್ ದಿ ಸೀ’ ಹಾಡು ಹುಟ್ಟಿದ್ದು ಜಪಾನಿನ ಅಭಿಮಾನಿ ಹುಡುಗಿಯೊಬ್ಬಳು ಬರೆದ ಪತ್ರದಿಂದ. ಆಕೆಯ ಕಾಗದವನ್ನು ಮೂಸಿ, ಆಕೆಯ ಬದುಕನ್ನು ಊಹಿಸಿ, ಸಾಗರದಾಚೆಗೆ ಕೂತು ಹಂಬಲಿಸುವ ಹಾಡು. ಅಭಿಮಾನಿಗಳ ಕೈಯಲ್ಲಿ ಇಷ್ಟೆಲ್ಲ ಪಾಡು ಪಡಲಿದ್ದ ಆಲ್ಬಮ್ಮಿನ ನಟ್ಟನಡುವೆ ಒಬ್ಬ ಅಭಿಮಾನಿಯ ಪತ್ರವೇ ಕೂತಿದೆ.

ಹೆಸರು ಬಂದದ್ದು ಪುಚ್ಚಿನಿಯ ‘ಮದಾಮ ಬಟರ್‌ಫ್ಲೈ’ ಒಪೆರಾದಿಂದ. ಜಪಾನಿನ ಹುಡುಗಿಯನ್ನು ಮದುವೆಯಾಗಿ ಕೈಬಿಟ್ಟು ಹೋಗುವ ಅಮೆರಿಕನ್ ನೌಕಾಧಿಕಾರಿಯ ಹೆಸರು ಪಿಂಕರ್ಟನ್. ಆಲ್ಬಮ್ಮಿಗೆ ನಾಯಕನ ಹೆಸರಲ್ಲ, ಖಳನ ಹೆಸರನ್ನು ಇಟ್ಟದ್ದು ಗಮನಿಸಬೇಕು. ಮುಖಪುಟಕ್ಕೆ ಹಿರೋಶಿಗೆಯ ಚಿತ್ರ, ಹಿಮ ಬಿದ್ದ ರಾತ್ರಿಯ ಒಂದು ಹಳ್ಳಿ. (ಅದೇ ಹೆಸರಿನ ಭದ್ರತಾ ಸಂಸ್ಥೆಯೊಂದು ತನ್ನ ಹೆಸರು ಕದ್ದಿದ್ದಾರೆಂದು ಕೋರ್ಟಿಗೆ ಹೋಯಿತು, ಕೇಸು ನಿಲ್ಲಲಿಲ್ಲ.) ಆ ಒಪೆರಾದ ಚರಿತ್ರೆಯಲ್ಲೂ ಒಂದು ತಮಾಷೆಯಿದೆ. 1904ರ ಫೆಬ್ರುವರಿಯಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಮೊದಲ ಪ್ರದರ್ಶನವಾದಾಗ ಪ್ರೇಕ್ಷಕರು ಕೂಗಾಡಿ ಗೇಲಿ ಮಾಡಿದ್ದರು. ಪುಚ್ಚಿನಿ ಅದನ್ನು ಹಿಂತೆಗೆದುಕೊಂಡು, ತಿದ್ದಿ, ಮೇ ತಿಂಗಳಲ್ಲಿ ಬ್ರೆಶಿಯಾದಲ್ಲಿ ಮತ್ತೆ ಆಡಿಸಿದ. ಗೆದ್ದಿತು. ಅದು ಮೂರು ತಿಂಗಳ ಮಾತು. ಪಿಂಕರ್ಟನ್‌ಗೆ ಅಷ್ಟು ಬೇಗ ಅದೃಷ್ಟ ತಿರುಗಲಿಲ್ಲ, ತಿದ್ದುವ ಅವಕಾಶವೂ ಇರಲಿಲ್ಲ.

ಬಿಲ್‌ಬೋರ್ಡಿನಲ್ಲಿ 19ನೇ ಸ್ಥಾನ ಮುಟ್ಟಿ ಆಲ್ಬಂ ಜಾರಿತು. ಬಡ್ಡಿ ಹಾಲಿಯಂಥ ತಮಾಷೆಯ ವಿಡಿಯೊ ಬೇಡ ಎಂದು ಕ್ವೋಮೊ ಹಟ ಹಿಡಿದಿದ್ದರಿಂದ ಎಂಟಿವಿಯ ಬಲವೂ ಅಷ್ಟಾಗಿ ಸಿಗಲಿಲ್ಲ. ಹಲವು ವಿಮರ್ಶಕರಿಗೆ ಹಾಡುಗಳು ಬಾಲಿಶವಾಗಿ ಕಂಡವು. ವಿಮರ್ಶಕರದ್ದು ಇರಲಿ, ರೋಲಿಂಗ್ ಸ್ಟೋನ್ ಓದುಗರೇ ಮತ ಹಾಕಿ ಅದನ್ನು ಆ ವರ್ಷದ ಅತಿ ಕೆಟ್ಟ ಆಲ್ಬಂಗಳ ಸಾಲಿಗೆ ಸೇರಿಸಿದರು. ಬ್ಲೂ ಆಲ್ಬಂ ಕೊಂಡವರಿಗೆ ಬೇಕಾಗಿದ್ದದ್ದು ಇನ್ನೊಂದು ಬ್ಲೂ ಆಲ್ಬಂ. ಅವರನ್ನು ದೂರುವಂತಿಲ್ಲ.

ಪ್ರವಾಸ ಮುಂದುವರಿದಿತ್ತು. 1997ರ ಜುಲೈಯಲ್ಲಿ, ಬ್ಯಾಂಡಿನ ಅಭಿಮಾನಿ ಸಂಘವನ್ನು ಮೊದಲಿನಿಂದ ನಡೆಸಿಕೊಂಡು ಬಂದಿದ್ದ ಇಬ್ಬರು ಸಹೋದರಿಯರು, ತಮ್ಮ ತಂಗಿಯ ಜೊತೆ, ಒಂದು ಕಾರ್ಯಕ್ರಮ ಮುಗಿಸಿ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಸಣ್ಣ ಕ್ಲಬ್ಬುಗಳಲ್ಲಿ ಬೆರಳೆಣಿಕೆಯ ಜನರ ಮುಂದೆ ನುಡಿಸುತ್ತಿದ್ದ ಕಾಲದಿಂದ ಬ್ಯಾಂಡಿನ ಜೊತೆಗಿದ್ದವರು ಅವರು. ಬಂದ ಪತ್ರಗಳಿಗೆ ಕೈಯಾರೆ ಉತ್ತರ ಬರೆಯುತ್ತಿದ್ದವರು. ಕ್ವೋಮೊ ಮೊದಲೇ ಅವರ ಬಗ್ಗೆ ಒಂದು ಹಾಡು ಬರೆದಿದ್ದ. ಬ್ಯಾಂಡ್ ಕಾರ್ಯಕ್ರಮ ರದ್ದುಮಾಡಿ ಅಂತ್ಯಸಂಸ್ಕಾರಕ್ಕೆ ಹೋಯಿತು. ಅಭಿಮಾನಿ ಎಂದ ಕೂಡಲೇ ನಮಗೆ ಕಿರುಚುವ ಗುಂಪು ನೆನಪಾಗುತ್ತದೆ. ಇಂಥ ಸಂಗೀತವನ್ನು ನಿಜವಾಗಿ ಹೊತ್ತು ನಡೆಸಿದ್ದು ಅಂಚೆಚೀಟಿ ಹಚ್ಚುತ್ತ ಕೂತ ಇಂಥವರು. ಅವರು ಹೋದ ಸ್ವಲ್ಪ ದಿನಕ್ಕೆ ಪ್ರವಾಸ ಮುಗಿಯಿತು, 1998ರಲ್ಲಿ ಮ್ಯಾಟ್ ಶಾರ್ಪ್ ಬ್ಯಾಂಡ್ ಬಿಟ್ಟ. ಕ್ವೋಮೊ ಲಾಸ್ ಏಂಜಲೀಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಗೋಡೆಗೆ ಕಪ್ಪು ಬಳಿದು, ಬೆಳಕು ಬಾರದಂತೆ ಕಿಟಕಿ ಮುಚ್ಚಿ, ಫೋನಿನ ತಂತಿ ಕಿತ್ತು ಕೂತ.

ಆತ ಕತ್ತಲಲ್ಲಿ ಕೂತಿದ್ದಾಗ ಹೊರಗೆ ನಡೆದದ್ದೇ ಈ ಕತೆಯ ಸ್ವಾರಸ್ಯ. ಪಿಂಕರ್ಟನ್ ಹಿಡಿಸದವರು ಬೇರೆ ಬ್ಯಾಂಡುಗಳತ್ತ ಹೋದರು. ಹೋದವರು ಮತ್ತೆ ಅದರ ಬಗ್ಗೆ ಮಾತೇ ಆಡಲಿಲ್ಲ. ಉಳಿದವರು ಮಾತ್ರ ಮಾತಾಡಿದರು. ಆ ಆಲ್ಬಂ ಅವರಿಗೆ ಯಾರೂ ಜಾಹೀರಾತು ಮಾಡಿ ಕೊಟ್ಟದ್ದಲ್ಲ. ಅಣ್ಣನ ಕಪಾಟಿನಿಂದಲೋ ಹಳೇ ಸಿಡಿ ಅಂಗಡಿಯ ಅಗ್ಗದ ಡಬ್ಬದಿಂದಲೋ ಸಿಕ್ಕಿದ್ದು. 1999ರಲ್ಲಿ ಅಂತರ್ಜಾಲದಲ್ಲಿ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದಮೇಲೆ ಕಾಸಿಲ್ಲದವರಿಗೂ ಸಿಕ್ಕಿತು. ಹದಿನೈದು ಹದಿನಾರರ ಹುಡುಗರಿಗೆ ಈ ಹಾಡುಗಳ ಅವಮಾನ ತಮ್ಮದೇ ಅನಿಸಿತು. ಅವರಲ್ಲಿ ಕೆಲವರು ಗಿಟಾರ್ ಹಿಡಿದರು. ಆಗ ಬೆಳೆಯುತ್ತಿದ್ದ ‘ಇಮೋ’ ಎಂಬ, ಎದೆ ಬಿಚ್ಚಿ ಅಳುವ ರಾಕ್ ಪ್ರಕಾರದ ಬ್ಯಾಂಡುಗಳು, ಸೇವ್ಸ್ ದಿ ಡೇ, ಡ್ಯಾಶ್‌ಬೋರ್ಡ್ ಕನ್ಫೆಶನಲ್ ಮೊದಲಾದವು, ಪಿಂಕರ್ಟನ್ನನ್ನು ತಮ್ಮ ಮೂಲಗಳಲ್ಲೊಂದು ಎಂದು ಹೇಳಿಕೊಂಡವು. 2000ದ ಬೇಸಿಗೆಯಲ್ಲಿ ವೀಜರ್ ಮತ್ತೆ ಒಟ್ಟುಗೂಡಿ, ‘ಗೋಟ್ ಪನಿಶ್‌ಮೆಂಟ್’ ಎಂಬ ಸುಳ್ಳು ಹೆಸರಿನಲ್ಲಿ ಒಂದಷ್ಟು ಕ್ಲಬ್ಬುಗಳಲ್ಲಿ ನುಡಿಸಿ, ಆಮೇಲೆ ಹಲವು ಬ್ಯಾಂಡುಗಳು ಒಟ್ಟಿಗೆ ಊರೂರು ಸುತ್ತುತ್ತಿದ್ದ ವಾರ್ಪ್ಡ್ ಟೂರಿಗೆ ಹೋದಾಗ, ನಾಲ್ಕು ವರ್ಷದ ಹಿಂದೆ ಸೋತ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡ ಜನ ಮುಂದೆ ನಿಂತಿದ್ದರು.

2002ರಲ್ಲಿ ರೋಲಿಂಗ್ ಸ್ಟೋನ್ ಓದುಗರು ಮತ್ತೆ ಮತ ಹಾಕಿದರು. ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಪಿಂಕರ್ಟನ್‌ಗೆ 16ನೇ ಸ್ಥಾನ! ಆರು ವರ್ಷದಲ್ಲಿ ಕೆಟ್ಟದ್ದರ ಪಟ್ಟಿಯಿಂದ ಶ್ರೇಷ್ಠದ ಪಟ್ಟಿಗೆ. ಎರಡೂ ಸಲ ಮತ ಹಾಕಿದ್ದು ಅದೇ ಪತ್ರಿಕೆಯ ಓದುಗರೇ. 2004ರಲ್ಲಿ ಪತ್ರಿಕೆಯೂ ತನ್ನ ಹಳೆಯ ವಿಮರ್ಶೆಯನ್ನು ಮರೆತು ಐದಕ್ಕೆ ಐದು ನಕ್ಷತ್ರ ಕೊಟ್ಟಿತು.

ಇದನ್ನು ಸಾಮಾನ್ಯವಾಗಿ ‘ಕಾಲವೇ ನ್ಯಾಯ ಕೊಟ್ಟಿತು’ ಎಂಬ ಧಾಟಿಯಲ್ಲಿ ಹೇಳುತ್ತಾರೆ. ಕಾಲಕ್ಕೆ ಅಂಥ ಕೆಲಸವೇನಿಲ್ಲ. 1996ರ ಮತದಾರರು ಮನಸ್ಸು ಬದಲಿಸಿದರು ಎನ್ನುವುದಕ್ಕಿಂತ ಮತದಾರರೇ ಬದಲಾದರು ಎನ್ನುವುದು ನನಗೆ ಹೆಚ್ಚು ನಂಬುವಂತಿದೆ. ಮೊದಲ ಸಲ ಮತ ಹಾಕಿದ್ದು ಬ್ಲೂ ಆಲ್ಬಂ ಕೊಂಡಿದ್ದ ದೊಡ್ಡ ಗುಂಪು. ಎರಡನೇ ಸಲ ಹಾಕಿದ್ದು ಆ ಗುಂಪು ಖಾಲಿಯಾದಮೇಲೆ ಉಳಿದವರು ಮತ್ತು ಅವರಿಂದ ಕೇಳಿ ಬಂದವರು. ಜಾತ್ರೆ ಮುಗಿದ ಮೂರನೇ ದಿನ ದೇವಸ್ಥಾನದಲ್ಲಿ ಎಷ್ಟು ಭಕ್ತಿಯಿದೆಯೆಂದು ಅಳೆದಂತೆ: ಅಲ್ಲಿ ಸಿಗುವವರೆಲ್ಲ ಭಕ್ತರೇ. ಆಲ್ಟರ್ನೇಟಿವ್ ಸಂಗೀತದಲ್ಲಿ ‘ಕಾಲಾಂತರದಲ್ಲಿ ಗೆದ್ದ’ ಆಲ್ಬಂಗಳ ಪಟ್ಟಿ ಉದ್ದವಿದೆ. 1967ರ ವೆಲ್ವೆಟ್ ಅಂಡರ್‌ಗ್ರೌಂಡ್ ಆಲ್ಬಮ್ಮಿನಿಂದ ಹಿಡಿದು ಅವುಗಳಲ್ಲಿ ಹೆಚ್ಚಿನವು ಗೆದ್ದದ್ದು ಹೀಗೆಯೇ. ಇಷ್ಟವಾಗದವರಿಗೆ ವಾದ ಮುಂದುವರಿಸುವ ಕಾರಣವಿರುವುದಿಲ್ಲ. ಇಷ್ಟಪಟ್ಟವರಿಗೆ ಇಪ್ಪತ್ತು ವರ್ಷ ವಾದಿಸುವ ಕಾರಣವಿರುತ್ತದೆ. ಹೀಗೆಂದ ಮಾತ್ರಕ್ಕೆ ಉಳಿದವರು ತಪ್ಪು ಎಂದಾಗುವುದಿಲ್ಲ. ಪಿಂಕರ್ಟನ್ ನಿಜಕ್ಕೂ ಆ ಬ್ಯಾಂಡಿನ ಅತ್ಯುತ್ತಮ ಆಲ್ಬಂ ಎಂಬುದೇ ನನ್ನ ಮತ. ಬ್ಲೂ ಆಲ್ಬಮ್ಮಿನಲ್ಲಿ ಜಾಣತನವಿದೆ, ಇದರಲ್ಲಿ ಜೀವವಿದೆ. ಆದರೆ ನಾನೂ ಉಳಿದವರ ಸಾಲಿನವನೇ ಆದ್ದರಿಂದ ನನ್ನ ಮತಕ್ಕೂ ಅಷ್ಟೇ ಬೆಲೆ.

ಇದರ ಕಹಿ ಭಾಗ ಕ್ವೋಮೊನದ್ದು. ಆತ 1996ರ ‘ಬೇಡ’ವನ್ನು ಪೂರ್ತಿ ನಂಬಿಬಿಟ್ಟಿದ್ದ. ಬಿಡುವಿನ ವರ್ಷಗಳಲ್ಲಿ ನಿರ್ವಾಣಾ, ಗ್ರೀನ್ ಡೇ, ಓಯಸಿಸ್ ಹಾಡುಗಳನ್ನು ಬಿಡಿಸಿ ಬಿಡಿಸಿ ನೋಡಿ, ಯಾವ ಪಲ್ಲವಿ ಎಲ್ಲಿ ಬರುತ್ತದೆ, ಎಷ್ಟು ಸಲ ಬರುತ್ತದೆ ಎಂದು ಫೈಲುಗಳಲ್ಲಿ ಬರೆದಿಟ್ಟ. ಗೆಲ್ಲುವ ಹಾಡಿನ ಸೂತ್ರ ಹುಡುಕುತ್ತಿದ್ದ. 2001ರ ಮೇಯಲ್ಲಿ ಬಂದ ಹಸಿರು ಹಿನ್ನೆಲೆಯ ‘ಗ್ರೀನ್ ಆಲ್ಬಂ’ ಆ ಸೂತ್ರದ ಮಗು. ಮತ್ತೆ ಒಕಾಸೆಕ್, ಮತ್ತೆ ನಾಲ್ವರು ನಿಂತ ಫೋಟೊ, 29 ನಿಮಿಷವೂ ಇಲ್ಲದ ಹತ್ತು ಹಾಡು. ಗಿಟಾರ್ ಸೋಲೊಗಳು ಹೆಚ್ಚಾಗಿ ಹಾಡಿದ ರಾಗವನ್ನೇ ಹಾಗೇ ಇನ್ನೊಮ್ಮೆ ನುಡಿಸುತ್ತವೆ. ಬರೆದವನ ಬದುಕಿನ ಒಂದು ಚೂರೂ ಒಳಗಿಲ್ಲ. ಬಿಲ್‌ಬೋರ್ಡಿನಲ್ಲಿ ನೇರ 4ನೇ ಸ್ಥಾನ. ಅದೇ ವರ್ಷ ಒಂದು ಸಂದರ್ಶನದಲ್ಲಿ ಆತ ಪಿಂಕರ್ಟನ್ನನ್ನು ಹೀನಾಯ ಆಲ್ಬಂ ಎಂದು ಜರೆದ; ಪಾರ್ಟಿಯಲ್ಲಿ ಕುಡಿದು ಎಲ್ಲರೆದುರು ಮನಸ್ಸಿನದ್ದೆಲ್ಲ ಕಕ್ಕಿ, ಬೆಳಿಗ್ಗೆ ಎದ್ದು ನಾಚಿಕೊಂಡಂತೆ ಎಂಬರ್ಥದ ಮಾತಾಡಿದ. ಆ ಆಲ್ಬಂನಿಂದಲೇ ಬದುಕು ಹಿಡಿದುಕೊಂಡಿದ್ದ ಹುಡುಗ ಹುಡುಗಿಯರು ಅದನ್ನು ಓದಿದರು.

ಯಾವುದನ್ನು ಬರೆದು ಏಟು ತಿಂದನೋ ಅದನ್ನೇ ಮತ್ತೆ ಬರೆ ಎಂದು ಈಗ ಹೊಸಬರು ಕೇಳುತ್ತಿದ್ದರು. ಏಟು ಕೊಟ್ಟವರು ಬೇರೆ, ಕೇಳುತ್ತಿದ್ದವರು ಬೇರೆ. ಆದರೆ ಏಟು ತಿಂದವನು ಒಬ್ಬನೇ, ಅವನಿಗೆ ಎರಡೂ ಗುಂಪು ಒಂದೇ ಮುಖದಂತೆ ಕಂಡಿರಬೇಕು. 2002ರ ‘ಮ್ಯಾಲಡ್ರಾಯ್ಟ್’ ಮಾಡುವಾಗ ಆತ ಇನ್ನೊಂದು ತುದಿಗೆ ಹೋದ. ಧ್ವನಿಮುದ್ರಿಸಿದ ಹಾಡುಗಳನ್ನು ಆಗಿಂದಾಗ್ಗೆ ಅಂತರ್ಜಾಲಕ್ಕೆ ಹಾಕಿ, ಯಾವುದು ಇರಲಿ, ಯಾವುದು ಹೋಗಲಿ ಎಂದು ಅಭಿಮಾನಿಗಳನ್ನೇ ಕೇಳಿದ. ಅವರ ಜೊತೆ ನೇರವಾಗಿ ಜಗಳವಾಡಿದ. ಆಲ್ಬಮ್ಮಿನ ಹೆಸರೂ ಒಬ್ಬ ಅಭಿಮಾನಿ ಸೂಚಿಸಿದ್ದೇ. ಫಲಿತಾಂಶ ಯಾರಿಗೂ ಪೂರ್ತಿ ಹಿಡಿಸದ, ಯಾರಿಗೂ ಪೂರ್ತಿ ಬೇಡವಾಗದ ಒಂದು ಆಲ್ಬಂ. ಎಲ್ಲರ ಮಾತು ಕೇಳಿ ಕಟ್ಟಿದ ಮನೆಗೆ ಬಾಗಿಲೆಲ್ಲಿ ಎಂದು ಯಾರಾದರೂ ಕೇಳಲೇಬೇಕು.

ಹೋಲಿಕೆಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರ್ ಕಡೆಯ ರೇಡಿಯೊಹೆಡ್. 1997ರ ‘ಓಕೆ ಕಂಪ್ಯೂಟರ್’ನಿಂದ ಉತ್ತುಂಗಕ್ಕೇರಿದ ಬ್ಯಾಂಡ್ 2000ದ ಅಕ್ಟೋಬರಿನಲ್ಲಿ ‘ಕಿಡ್ ಎ’ ತಂದಿತು. ಗಿಟಾರನ್ನು ಬಹುಮಟ್ಟಿಗೆ ಬದಿಗಿಟ್ಟು ಎಲೆಕ್ಟ್ರಾನಿಕ್ ಸದ್ದು, ಕತ್ತರಿಸಿ ಜೋಡಿಸಿದ ದನಿ, ಓಂಡ್ ಮಾರ್ತೆನೊ ಎಂಬ ಹಳೇ ವಿದ್ಯುತ್ ವಾದ್ಯ. ಸಿಂಗಲ್ ಇಲ್ಲ, ಎಂದಿನಂಥ ವಿಡಿಯೊ ಇಲ್ಲ. ಕಾದಂಬರಿಕಾರ ನಿಕ್ ಹಾರ್ನ್‌ಬಿ ‘ನ್ಯೂಯಾರ್ಕರ್’ನಲ್ಲಿ ಬೇಸರಪಟ್ಟು ಬರೆದ, ಹಲವು ಅಭಿಮಾನಿಗಳು ಇದು ಸಂಗೀತವೇ ಅಲ್ಲ ಎಂದರು, ಇನ್ನು ಕೆಲವರು ಇದೇ ಮುಂದಿನ ಶತಮಾನ ಎಂದರು. ಬ್ಯಾಂಡ್ ಎರಡೂ ಕಡೆ ತಿರುಗಿ ನೋಡಲಿಲ್ಲ. ಅದೇ ಅವಧಿಯಲ್ಲಿ ಮುದ್ರಿಸಿಕೊಂಡಿದ್ದ ಉಳಿದ ಹಾಡುಗಳನ್ನು ಮರುವರ್ಷ ‘ಆಮ್ನೀಸಿಯಾಕ್’ ಎಂದು ಹೊರತಂದಿತು. ಕಿಡ್ ಎ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇ ಬಂದಿತ್ತು ಎನ್ನುವುದನ್ನೂ ಹೇಳಬೇಕು. ಗೆದ್ದವರಿಗೆ ಕಿವಿ ಮುಚ್ಚಿಕೊಳ್ಳುವುದು ಸುಲಭ. ಕ್ವೋಮೊ ಸೋತಿದ್ದ.

ಪಿಂಕರ್ಟನ್ ಬಗೆಗಿನ ವಾದ ಈಗ ಮೂರನೇ ಸುತ್ತಿನಲ್ಲಿದೆ. ಇಂದು ಅದನ್ನು ಮೊದಲ ಸಲ ಕೇಳುವ ಇಪ್ಪತ್ತರ ಹರೆಯದವರು, ಅದರಲ್ಲೂ ಏಷ್ಯಾ ಮೂಲದ ಅಮೆರಿಕನ್ನರು ಮತ್ತು ಹೆಣ್ಣುಮಕ್ಕಳು, ‘ಅಕ್ರಾಸ್ ದಿ ಸೀ’ ಬಂದಾಗ ಮುಖ ಸಿಂಡರಿಸುತ್ತಾರೆ. ಒಬ್ಬ ಹುಡುಗಿ ನಂಬಿ ಬರೆದ ಪತ್ರವನ್ನು ತೆಗೆದುಕೊಂಡು ಅವಳನ್ನೊಂದು ಜಪಾನಿ ಗೊಂಬೆ ಮಾಡಿದ್ದಾನಲ್ಲ ಎಂಬುದು ಅವರ ತಕರಾರು. ಹಳೇ ಅಭಿಮಾನಿಗಳ ಉತ್ತರ: ಆಲ್ಬಮ್ಮಿಗೆ ಖಳನ ಹೆಸರಿಟ್ಟಿರುವುದೇ ಅದಕ್ಕಾಗಿ; ಕೊನೆಯ ಹಾಡು ‘ಬಟರ್‌ಫ್ಲೈ’ನಲ್ಲಿ ಬರೀ ಒಂದು ಗಿಟಾರ್ ಹಿಡಿದು ಕ್ಷಮೆ ಕೇಳುತ್ತಾನಲ್ಲ. ನನಗೆ ಎರಡೂ ಕೇಳಿಸುತ್ತದೆ. ತಪ್ಪೊಪ್ಪಿಗೆ ಮಾಡಿದ ಮಾತ್ರಕ್ಕೆ ತಪ್ಪು ಸುಂದರವಾಗುವುದಿಲ್ಲ, ಮತ್ತು ಆ ಕ್ಷಮೆಯಲ್ಲೂ ತನ್ನ ಬಗ್ಗೆ ತನಗೇ ಇರುವ ಕನಿಕರ ಹೆಚ್ಚು. ಆದರೆ ಮುಜುಗರವನ್ನು ತೊಳೆದು ಹಾಕಿದರೆ ಏನು ಉಳಿಯುತ್ತದೆ ಎನ್ನುವುದಕ್ಕೆ ಗ್ರೀನ್ ಆಲ್ಬಂ ಇದೆಯಲ್ಲ. ಈ ತಕರಾರನ್ನು ಪಿಂಕರ್ಟನ್ ವಿರುದ್ಧದ ಷಡ್ಯಂತ್ರವೆಂಬಂತೆ ನೋಡುವ ಹಳಬರನ್ನು ಕಂಡರೆ ನಗು ಬರುತ್ತದೆ. ಮೊದಲ ಗುಂಪಿನ ಅಭಿಪ್ರಾಯವನ್ನು ಧಿಕ್ಕರಿಸಿಯೇ ಬಂದವರು ಅವರು. ಮೂರನೆಯ ಗುಂಪಿಗೆ ಬಾಯಿ ಮುಚ್ಚು ಎನ್ನುವ ಹಕ್ಕು ಅವರಿಗೆಲ್ಲಿಂದ ಬಂತು?

2010ರ ನವೆಂಬರಿನಲ್ಲಿ ವೀಜರ್ ‘ಮೆಮೊರೀಸ್’ ಪ್ರವಾಸ ಶುರುಮಾಡಿತು. ಪ್ರತಿ ಊರಿನಲ್ಲಿ ಎರಡು ರಾತ್ರಿ: ಒಂದು ರಾತ್ರಿ ಬ್ಲೂ ಆಲ್ಬಂ ಮೊದಲಿಂದ ಕೊನೆಯವರೆಗೆ, ಇನ್ನೊಂದು ರಾತ್ರಿ ಪಿಂಕರ್ಟನ್. ವರ್ಷಾನುಗಟ್ಟಲೆ ಬಹುಮಟ್ಟಿಗೆ ದೂರವಿಟ್ಟಿದ್ದ ಹಾಡುಗಳನ್ನು ಕ್ವೋಮೊ ಹಾಡಿದ, ಜನ ಅವನಿಗಿಂತ ಜೋರಾಗಿ ಹಾಡಿದರು. ಅಷ್ಟೊತ್ತಿಗೆ ಆತನೂ ಆ ಆಲ್ಬಮ್ಮಿನ ಜೊತೆ ರಾಜಿಯಾಗಿದ್ದ. ವಿಸ್ತೃತ ಮರುಮುದ್ರಣಕ್ಕೆ ಪಿಚ್‌ಫೋರ್ಕ್ ಪತ್ರಿಕೆ ಹತ್ತಕ್ಕೆ ಹತ್ತು ಕೊಟ್ಟಿತು. ಅದೇ ವರ್ಷ ಇನ್ನೊಂದು ಘಟನೆ. ಹೊಸ ಆಲ್ಬಂಗಳಿಂದ ರೋಸಿಹೋದ ಒಬ್ಬ ಕೇಳುಗ, ವೀಜರ್ ಶಾಶ್ವತವಾಗಿ ಮುಚ್ಚಿಕೊಳ್ಳಲಿ ಎಂದು ಅವರಿಗೆ ಕೊಡಲು 1 ಕೋಟಿ ಡಾಲರ್ ಚಂದಾ ಎತ್ತಲು ಹೊರಟ. ಕೂಡಿದ್ದು ಪುಡಿಗಾಸು. ಅದನ್ನು ಎರಡು ಕೋಟಿಗೆ ಏರಿಸಿದರೆ ಇನ್ನೂ ಅದ್ದೂರಿಯಾಗಿ ಮುಚ್ಚಿಕೊಳ್ಳುತ್ತೇವೆ ಎಂಬ ಧಾಟಿಯಲ್ಲಿ ಡ್ರಮ್ಮರ್ ವಿಲ್ಸನ್ ಉತ್ತರಿಸಿದ. ಒಂದು ಬ್ಯಾಂಡಿನ ಮೇಲೆ ಸಿಟ್ಟಾಗಿ ದುಡ್ಡು ಕೂಡಿಸಲು ಹೊರಡಬೇಕಾದರೆ ಅದನ್ನು ಎಷ್ಟು ಪ್ರೀತಿಸಿರಬೇಕು!

ಬ್ಯಾಂಡ್ ಈಗ ಅಭಿಮಾನಿಗಳನ್ನು ಹಾಸ್ಯದಿಂದ ನಿಭಾಯಿಸಲು ಕಲಿತಿದೆ. 2017ರ ಕೊನೆಗೆ ಒಹಾಯೊದ ಹದಿನಾಲ್ಕರ ಹುಡುಗಿಯೊಬ್ಬಳು ಟೋಟೊ ಬ್ಯಾಂಡಿನ ‘ಆಫ್ರಿಕಾ’ ಹಾಡನ್ನು ವೀಜರ್ ಹಾಡಬೇಕೆಂದು ಟ್ವಿಟರಿನಲ್ಲಿ ಬೆನ್ನುಹತ್ತಿದಳು. ಬ್ಯಾಂಡ್ ಮೊದಲು ಬೇಕೆಂದೇ ಟೋಟೊದ ಇನ್ನೊಂದು ಹಾಡು ‘ರೊಸಾನಾ’ ಹಾಡಿ ಸತಾಯಿಸಿತು. ಆಮೇಲೆ, 2018ರ ಮೇ ಕೊನೆಗೆ, ‘ಆಫ್ರಿಕಾ’ವನ್ನೂ ಹಾಡಿತು. ಆಗಸ್ಟಿನಲ್ಲಿ ಅದು ಬಿಲ್‌ಬೋರ್ಡಿನ ಆಲ್ಟರ್ನೇಟಿವ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಕರುಳು ಬಗೆದಿಟ್ಟ ಹಾಡುಗಳಿಗೆ ಸಿಗದ ಕಿರೀಟ, ತಮಾಷೆಗೆ ಹಾಡಿದ ಬೇರೆಯವರ ಹಾಡಿಗೆ ಸಿಕ್ಕಿತು. ಪಿಂಕರ್ಟನ್ ಪಕ್ಷದವರು ಹಲ್ಲು ಕಡಿದದ್ದು ಸಹಜ.

2020ರಲ್ಲಿ ಕ್ವೋಮೊ ಇನ್ನೊಂದು ಕೆಲಸ ಮಾಡಿದ. ಪ್ರೋಗ್ರಾಮಿಂಗ್ ಕಲಿಯಲು ಸೇರಿದ್ದ ಹಾರ್ವರ್ಡಿನ ಆನ್‌ಲೈನ್ ಕೋರ್ಸಿನ ಪ್ರಾಜೆಕ್ಟಾಗಿ ತನ್ನದೇ ಜಾಲತಾಣ ಕಟ್ಟಿ, ವರ್ಷಾನುಗಟ್ಟಲೆ ಮನೆಯಲ್ಲಿ ಮುದ್ರಿಸಿಟ್ಟಿದ್ದ 2,000ಕ್ಕೂ ಹೆಚ್ಚು ಡೆಮೊಗಳನ್ನು ಗಂಟು ಕಟ್ಟಿ, ಗಂಟಿಗೆ 9 ಡಾಲರಿನಂತೆ ಮಾರಾಟಕ್ಕಿಟ್ಟ. ಪಿಂಕರ್ಟನ್ ಕಾಲದ್ದೂ ಅದರಲ್ಲಿವೆ. ಆತ ಅರ್ಧಕ್ಕೇ ಬಿಟ್ಟ ಅಂತರಿಕ್ಷದ ಒಪೆರಾವನ್ನು ಸಿಕ್ಕ ಡೆಮೊಗಳಿಂದ ಕೂಡಿಸಿ ಅಭಿಮಾನಿಗಳು ಹಿಂದಿನಿಂದಲೇ ತಮ್ಮ ತಮ್ಮ ಆವೃತ್ತಿಗಳನ್ನು ಕಟ್ಟಿಕೊಳ್ಳುತ್ತ ಬಂದಿದ್ದಾರೆ. ಯಾವ ಹಾಡಿನ ನಂತರ ಯಾವುದು, ಯಾವ ಟೇಕ್ ಸರಿ, ಯಾವುದನ್ನು ಬಿಡಬೇಕು ಎನ್ನುವುದರಲ್ಲಿ ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ಬರೆದವನೇ ಕೈಬಿಟ್ಟ, ಎಂದೂ ಬಿಡುಗಡೆಯಾಗದ ಆ ಆಲ್ಬಂ ಪಿಂಕರ್ಟನ್‌ಗಿಂತ ಚೆನ್ನಾಗಿರುತ್ತಿತ್ತು ಎಂದು ವಾದಿಸುವವರೂ ಅವರಲ್ಲಿ ಇದ್ದಾರೆ.